ಗೋಡೆಯ ಮೇಲಿನ ಕುರಿಕಿವಿಗಳು

ಹೋದ ತಿಂಗಳು, ಚಳ್ಳಕೆರೆಯಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದವಳ ತಮ್ಮ ನನ್ನನ್ನು ಹುಡುಕಿಕೊಂಡು ಮೊಳಕಾಲ್ಮೂರಿಗೆ ಬಂದಿದ್ದ. ಉಳ್ಳಾರ್ತಿ ಕಾವಲಿನ ಪಕ್ಕದ ಹಟ್ಟಿಯವನು, ಈಗಲೂ ಕುರಿ ಕಾಯುತ್ತಾನೆ. ಅಕ್ಕ ತೀರಿಕೊಂಡಳು ಎಂದ. ತಿಥಿಗೆ ಕರೆದ. ಕೊಟ್ಟ ಟೀ ಕುಡಿದು, ಚಪ್ಪಲಿ ಮೆಟ್ಟುವಾಗ ಏನೋ ನೆನಪಾದವನಂತೆ ತಿರುಗಿ ನಿಂತ.

"ಟೀಚರಮ್ಮ, ಒಂದ್ ಮಾತು. ಅಡಿಗೆಮನೆ ಗೋಡೆ ಮ್ಯಾಲೆ ನಮ್ಮಕ್ಕ ಇದ್ದಲಾಗೆ ಕುರಿ ಕಿವಿ ಬರ್ದವ್ಳೆ. ಹದ್ನಾಲ್ಕು ಅವೆ. ವರ್ಷಾ ವರ್ಷಾ ಸುಣ್ಣ ಹೊಡ್ದವ್ಳೆ, ಅದೊಂದ್ ಜಾಗ ಬಿಟ್ಟು. ನಮ್ಮ ಹಟ್ಟೀವು ಒಂದೂ ಅಲ್ಲ. ಯಾರ ಮಂದೇವ್ರಿ ಅವು?"

"ಗೊತ್ತಿಲ್ಲಪ್ಪ," ಅಂದೆ.

ಸುಳ್ಳು ಹೇಳಿದೆ. ಅವಳ ವಿಷಯದಲ್ಲಿ ಇದೇ ಸುಳ್ಳನ್ನು ಹಿಂದೊಮ್ಮೆಯೂ ಹೇಳಿದ್ದೆ, ಅದು ಆಮೇಲೆ ಬರುತ್ತದೆ. ಆ ಹದಿನಾಲ್ಕೂ ನನಗೆ ಗೊತ್ತು. ತುದಿ ಕತ್ತರಿಸಿದ ಕಿವಿ ಬ್ರೆಡ್ಡು. ನಡುವೆ ಸೀಳಿದ್ದು ಹಾಲು. ಎರಡು ತೂತಿನದು ಮೊಟ್ಟೆ. ಫೆರೋ ಎಂಬ ದ್ವೀಪಗಳ ಭಾಷೆಯಲ್ಲಿ ತಿನ್ನುವ, ಕುಡಿಯುವ ವಸ್ತುಗಳ ಹೆಸರು ಅವು. ಚಳ್ಳಕೆರೆಯಲ್ಲಿ ಆ ಹದಿನಾಲ್ಕು ಮಾತು ಬಲ್ಲವರು ಮೂವರಿದ್ದೆವು. ಅವಳ ಗಂಡ ಹಡಗಿನಲ್ಲಿ ಕಲಿತ. ಅವಳು ಏಟು ತಿಂದು ಕಲಿತಳು. ನಾನು ಗೋಡೆಯಾಚೆ ಕುಳಿತು ಕಲಿತೆ. ಈಗ ನಾನೊಬ್ಬಳೇ ಉಳಿದಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಅವಳಿಗೆ ಇಷ್ಟವಾಗುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಚಳ್ಳಕೆರೆಯ ಒಂದು ಪ್ರೈಮರಿ ಶಾಲೆಯಲ್ಲಿ ನಾನು ಟೀಚರು. ಮನೆಯವರು ಮೊಳಕಾಲ್ಮೂರಿನಲ್ಲಿ ಮಗ್ಗ ನೋಡಿಕೊಂಡಿದ್ದರು. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಊರಿಗೆ ಹೋಗಿ ಸೋಮವಾರ ಬೆಳಗ್ಗೆ ವಾಪಸ್ಸು. ಉಳಿದ ದಿನ ಎಣ್ಣೆ ಮಿಲ್ಲುಗಳ ಹಿಂದಿನ ಓಣಿಯಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆ. ಪಕ್ಕದ ಒಂದೂವರೆ ಕೋಣೆ ಅವರದು. ನಡುವೆ ಒಂದೇ ಗೋಡೆ, ಅದೂ ತೆಳ್ಳಗಿನದು. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ನನಗೆ ಸೀನು ಬರುತ್ತಿತ್ತು.

ಅವಳು ಎತ್ತರದ ಹೆಂಗಸು. ಕೈಗಳು ಗಂಡಸಿನ ಕೈಗಳಷ್ಟು ದೊಡ್ಡವು. ಹುಟ್ಟಿದ್ದು ಕುರಿ ಕಾಯುವವರ ಮನೆಯಲ್ಲಿ, ಮದುವೆಯಾಗುವವರೆಗೆ ಕಾವಲಿನ ಹುಲ್ಲಿನಲ್ಲಿ ಅಪ್ಪನ ಮಂದೆಯ ಹಿಂದೆ ತಿರುಗಿದವಳು. ಮಿಲ್ಲಿನಲ್ಲಿ ಕಡಲೆಕಾಯಿ ಹಸನು ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ಯಾರಾದರೂ ಏನಾದರೂ ಕೇಳಿದರೆ ಥಟ್ಟನೆ ಉತ್ತರ ಕೊಡುವವಳಲ್ಲ. ಹೆಬ್ಬೆರಳಿನಿಂದ ತನ್ನ ಕಿವಿಹಾಲೆಯನ್ನು ಒಮ್ಮೆ ಒತ್ತಿಕೊಂಡು, ಆಮೇಲೆ ಮಾತು. ಕ್ಲಾಸಿನಲ್ಲಿ ಮಕ್ಕಳು ಹಾಗೆ ತಡ ಮಾಡಿದರೆ ನನಗೆ ಮೈ ಉರಿಯುತ್ತಿತ್ತು. ನನ್ನ ಬೆತ್ತಕ್ಕೆ ಶಾಲೆಯಲ್ಲಿ ಒಳ್ಳೆಯ ಹೆಸರಿತ್ತು, ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಅವಳು ಗಂಡನ ಕೈಯಲ್ಲಿ ಏಟು ತಿನ್ನುತ್ತಿದ್ದದ್ದು ಧೈರ್ಯವಿಲ್ಲದೆ ಎಂದು ಯಾರಾದರೂ ಅಂದುಕೊಂಡರೆ ಅದು ತಪ್ಪು. ಒಮ್ಮೆ ಹುಚ್ಚುನಾಯಿಯೊಂದು ನಮ್ಮ ಓಣಿಗೆ ನುಗ್ಗಿತು. ಗಂಡಸರೆಲ್ಲ ಬಾಗಿಲು ಹಾಕಿಕೊಂಡು ಕಿಟಕಿಯಿಂದ ಸಲಹೆ ಕೊಡುತ್ತಿದ್ದರು. ಅವಳು ಅಪ್ಪನ ಮನೆಯಿಂದ ತಂದಿದ್ದ ದೊಣ್ಣೆ ಹಿಡಿದು ಹೊರಗೆ ಬಂದಳು. ನಾಯಿ ಹಾರಿತು. ಒಂದೇ ಏಟು. ತಲೆ ಒಡೆದು ಚರಂಡಿ ಕಲ್ಲಿನ ಮೇಲೆಲ್ಲ ರಕ್ತ. ಅದು ಇನ್ನೂ ಕಾಲು ಬಡಿಯುತ್ತಿತ್ತು. ಅವಳು ಹತ್ತಿರ ಹೋಗಿ, ಇನ್ನೊಂದು ಕೊಟ್ಟು, ಅದನ್ನು ಬಿಡುಗಡೆ ಮಾಡಿದಳು. ಸಂಜೆ ನಾನು ಕೇಳಿಯೇಬಿಟ್ಟೆ.

"ಅಲ್ಲಮ್ಮಾ, ನಾಯಿಗೆ ಎತ್ತಿದ ಕೈಯನ್ನ ನಿನ್ನ ಗಂಡನಿಗೆ ಯಾಕೆ ಎತ್ತಲ್ಲ?"

ಕಿವಿಹಾಲೆ ಒತ್ತಿಕೊಂಡಳು. "ನಾಯಿ ಕೊಂದ್ರೆ ಓಣ್ಯೋರು ಭೇಷ್ ಅಂತಾರೆ. ಗಂಡನ್ನ ಕೊಂದ್ರೆ ಅದೇ ಓಣ್ಯೋರು ಸಾಕ್ಷಿ ಹೇಳ್ತಾರೆ ರಿ."

ಗಂಡ ಮೊಳಕಾಲ್ಮೂರು ಕಡೆಯ ಗಡಿ ಹಳ್ಳಿಯವನು. ನನ್ನ ಹಾಗೆಯೇ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಕುರಿ ಕೊಯ್ದು ಚರ್ಮ ಸುಲಿಯುವುದರಲ್ಲಿ ಪಳಗಿದ ಕೈ. ಅದನ್ನೇ ನಂಬಿಕೊಂಡು ಮುಂಬೈಗೆ ಹೋದ, ಅಲ್ಲಿಂದ ಸರಕಿನ ಹಡಗು ಹತ್ತಿ, ಹಡಗಿನಿಂದ ಹಡಗಿಗೆ ದಾಟುತ್ತ, ಕೊನೆಗೆ ಫೆರೋ ದ್ವೀಪದವರ ಮೀನು ಹಿಡಿಯುವ ಹಡಗೊಂದರ ಅಡುಗೆಮನೆ ಸೇರಿದ. ಶಾಲೆಯ ಅಟ್ಲಾಸಿನಲ್ಲಿ ನಾನು ಆ ದೇಶವನ್ನು ಹುಡುಕಿದ್ದೆ. ಸ್ಕಾಟ್ಲೆಂಡಿಗೂ ಐಸ್‌ಲೆಂಡಿಗೂ ನಡುವೆ ನಾಲ್ಕು ಸಾಸಿವೆ ಕಾಳು ಚೆಲ್ಲಿದ ಹಾಗೆ ಕಂಡಿತು. "ಅಲ್ಲಿ ಜನಕ್ಕಿಂತ ಕುರಿ ಜಾಸ್ತಿ, ಟೀಚರೇ. ಕುರಿಯೋರ ದೇಶ ಅದು," ಎಂದು ಎದೆಯುಬ್ಬಿಸಿ ಹೇಳುತ್ತಿದ್ದ. ಏಟು ಹಾಕದ ಹೊತ್ತಿನಲ್ಲಿ ಮಾತು ಚೆನ್ನಾಗಿಯೇ ಆಡುತ್ತಿದ್ದ. ಅದನ್ನು ಮುಚ್ಚಿಡುವುದು ಸರಿಯಲ್ಲ.

ಕೆಲಸ ಹೋಗಿ ವಾಪಸ್ಸು ಬಂದವನು ಮಟನ್ ಅಂಗಡಿಯಲ್ಲಿ ಕತ್ತಿ ಹಿಡಿದ. ಸಂಜೆಗೆ ಕುಡಿತ. ಹಡಗಿನವರು ಮತ್ತೆ ಕರೆಯುತ್ತಾರೆ, ಈ ಸಲ ಹೆಂಡತಿಯನ್ನೂ ಕರೆದುಕೊಂಡು ಹೋಗುತ್ತೇನೆ, ಕಾಗದ ಬರಬೇಕು, ಇವತ್ತೋ ನಾಳೆಯೋ ಎನ್ನುತ್ತಿದ್ದ. ಅಲ್ಲಿಯವರೆಗೆ ಅವಳು ಭಾಷೆ ಕಲಿಯಬೇಕು. ಪೂರ್ತಿ ಭಾಷೆ ಅವನಿಗೂ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಅಡುಗೆಮನೆಯ ಮಾತು ಮಾತ್ರ. "ಅಂಗಡೀಗೆ ಹೋಗಿ ಏನಂತ ಕೇಳ್ತೀಯಾ? ಮ್ಯಾ ಅಂತೀಯಾ?" ಎಂದು ಅವಳನ್ನು ಹಂಗಿಸುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು.

ಹೀಗೆ ದಿನಾ ಸಂಜೆ ಊಟದ ಹೊತ್ತಿಗೆ ಪಾಠ. ಅವನು ತಟ್ಟೆಯ ಮುಂದೆ ಕೂತು ಒಂದೊಂದೇ ಹೆಸರು ಕೂಗುತ್ತಿದ್ದ. ಅವಳು ಆ ವಸ್ತು ತಂದಿಡಬೇಕು. ಸರಿಯಾದರೆ ಊಟ ಮುಂದೆ ಸಾಗುತ್ತಿತ್ತು. ತಪ್ಪಿದರೆ ಏಟು. ಗೋಡೆಯಾಚೆಯಿಂದ ನನಗೆ ಮೊದಲು ಮಾತು ಕೇಳುತ್ತಿತ್ತು, ಆಮೇಲೆ ಅವಳ ಹೆಜ್ಜೆ, ಆಮೇಲೆ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಸದ್ದು. ಕೆನ್ನೆಯ ಸದ್ದು ಬೇರೆ, ಬೆನ್ನಿನ ಸದ್ದು ಬೇರೆ, ತಲೆ ಗೋಡೆಗೆ ತಾಗಿದ ಸದ್ದು ಬೇರೆ. ಮೂರನೆಯದು ಬಂದಾಗ ನನ್ನ ಕಡೆಯ ಗೋಡೆಯಿಂದ ಸುಣ್ಣ ಉದುರುತ್ತಿತ್ತು.

ನಾನೇನು ಮಾಡುತ್ತಿದ್ದೆ? ರೇಡಿಯೋ ಜೋರು ಮಾಡುತ್ತಿದ್ದೆ. ಒಂದೆರಡು ಸಲ ಹೋಗಿ ಬಾಗಿಲು ಬಡಿದೆ. ಅವನು ತೆರೆದು, ಬೆವರು ಒರೆಸಿಕೊಳ್ಳುತ್ತ, ಬಹಳ ಮರ್ಯಾದೆಯಿಂದ, "ಪಾಠ ಹೇಳ್ಕೊಡ್ತಾ ಇದೀನಿ ಟೀಚರೇ. ನಿಮಗೆ ಗೊತ್ತಿಲ್ಲದ್ದೇನಲ್ಲ. ನಂಗೂ ಹಿಂಗೇ ಕಲಿಸಿದ್ದು," ಎಂದು ತೋಳು ತೋರಿಸಿದ. ಮುಂಗೈಯಿಂದ ಮೊಣಕೈವರೆಗೆ ಉದ್ದಕ್ಕೆ ಬರೆ. ಹಡಗಿನ ದೊಡ್ಡ ಅಡುಗೆಯವನು ತಪ್ಪು ಸಾಮಾನು ತಂದಾಗಲೆಲ್ಲ ಕಾದ ಸೌಟು ಇಡುತ್ತಿದ್ದನಂತೆ. ನನ್ನ ಬೆತ್ತ ನೆನಪಾಯಿತು, ಮನೆಗೆ ಬಂದೆ. ಮಾರನೆಯ ದಿನದಿಂದ ಬೆತ್ತ ಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ನಿಜವಲ್ಲ. ಬಿಡಲಿಕ್ಕೆ ಇನ್ನೂ ಒಂದು ವರ್ಷ ಬೇಕಾಯಿತು.

ಒಂದು ಬೆಳಗ್ಗೆ ಅವಳು ನನ್ನ ಮೆಟ್ಟಿಲ ಮೇಲೆ ಬಂದು ಕೂತು ಅಂಗೈ ಬಿಚ್ಚಿದಳು. ಒಳಗೆ ಹಲ್ಲು, ಬೇರು ಸಮೇತ. ಹಿಂದಿನ ಸಂಜೆ ಅವನು "ಏಮೇ, ಸ್ಮೋರ್!" ಎಂದು ಕೂಗಿದ್ದ. ಸ್ಮೋರ್ ಅಂದರೆ ಬೆಣ್ಣೆ. ಅವಳು ಉಪ್ಪು ತಂದಿಟ್ಟಳು. ಹಿತ್ತಾಳೆ ಚೊಂಬು ದವಡೆಗೆ ಬಿತ್ತು.

"ಪೊಲೀಸ್ ಸ್ಟೇಷನ್ನಿಗೆ ಹೋಗೋಣ ನಡಿ," ಅಂದೆ.

"ಹೋಗಿ ಏನಂತ ಹೇಳ್ಲಿ ರಿ? ಬೆಣ್ಣೆ ಅನ್ನಾಕೆ ಅದೆಂಥದೋ ಮಾತೈತೆ, ನಾನು ಮರ್ತೆ, ಅದಕ್ಕೆ ಹಲ್ಲು ಉದುರ್ಸಿದಾ ಅಂತ ಹೇಳ್ಲಾ? ನಗ್ತಾರೆ." ರಕ್ತ ಉಗುಳಿ ಬಂದು ಮತ್ತೆ ಕೂತಳು. "ಅದು ಬ್ಯಾಡ. ಮಾತು ತಲೇಲಿ ನಿಲ್ಲಂಗೆ ಏನ್ ಮಾಡ್ಬೇಕು, ಅದು ಹೇಳ್ರಿ. ನೀವು ಟೀಚರಲ್ವಾ."

ನನಗೆ ತಿಳಿದದ್ದು ಒಂದೇ ದಾರಿ. ಸ್ಲೇಟು ತಂದು ಕನ್ನಡದಲ್ಲಿ ಬರೆದು ಕೊಡಲು ಹೋದೆ. ಅವಳಿಗೆ ಓದಲು ಬಾರದು. ಅಕ್ಷರ ಕಲಿಸುತ್ತೇನೆ ಎಂದೆ. "ಅಷ್ಟೊತ್ತಿಗೆ ಉಳಿದ ಹಲ್ಲೂ ಹೋಗಿರ್ತಾವೆ," ಎಂದು ಎದ್ದು ಹೋದಳು.

ಎರಡು ದಿನ ಬಿಟ್ಟು ನನ್ನನ್ನು ತನ್ನ ಅಡುಗೆಮನೆಗೆ ಕರೆದಳು. ಒರಳಿನ ಹಿಂದೆ, ಗಂಡನ ಕಣ್ಣು ಬೀಳದ ಕಡೆ, ಇದ್ದಿಲಿನಿಂದ ಸಾಲಾಗಿ ಕಿವಿಗಳು. ಕುರಿ ಕಾಯುವವರಲ್ಲಿ ಒಬ್ಬೊಬ್ಬರ ಮಂದೆಗೆ ಒಂದೊಂದು ಕಿವಿಗುರುತು. ಮರಿಯಿದ್ದಾಗಲೇ ಕತ್ತರಿಸುತ್ತಾರೆ. ಒಬ್ಬರದು ತುದಿ ಚಪ್ಪಟೆ, ಒಬ್ಬರದು ನಡುಸೀಳು, ಒಬ್ಬರದು ಅಂಚಿನಲ್ಲಿ ಕಚ್ಚು. ಕಾವಲಿನಲ್ಲಿ ನೂರಾರು ಕುರಿ ಬೆರೆತರೂ ದೂರದಿಂದಲೇ ಕಿವಿ ನೋಡಿ, ಇದು ಇಂಥವರದು ಎಂದು ಬೇರ್ಪಡಿಸುತ್ತ ಬೆಳೆದವಳು ಅವಳು. ಈಗ ಒಂದೊಂದು ಮಾತಿಗೂ ಒಂದೊಂದು ಕಿವಿ ಕೊಟ್ಟಿದ್ದಳು. ಗಂಡ ಮಾತು ಕೂಗಿದ ಕೂಡಲೇ ಆ ಕಿವಿ ಕಣ್ಣ ಮುಂದೆ ಬರಬೇಕು, ಕಿವಿಯ ಹಿಂದೆ ವಸ್ತು.

"ಬ್ರೈ," ಅಂದಳು, ತುದಿ ಕತ್ತರಿಸಿದ್ದರ ಮೇಲೆ ಬೆರಳಿಟ್ಟು. ಬ್ರೆಡ್ಡು. "ಮ್ಯೋಲ್ಕ್." ಹಾಲು. "ಎಪ್ಲಿ." ಆಲೂಗಡ್ಡೆ. "ಲೈಕುರ್." ಈರುಳ್ಳಿ. "ಚೋತ್." ಬಾಡು. ಕೊನೆಯ ಕಿವಿಗೆ ಯಾವ ಗುರುತೂ ಇರಲಿಲ್ಲ.

"ಇದ್ಯಾಕೆ ಹಿಂಗೆ ಬಿಟ್ಟೆ?"

"ಅದು ವಾತ್ನ್. ನೀರು. ಇನ್ನೂ ಗುರುತು ಹಾಕದ ಮರೀದು ಅದು. ನೀರು ಯಾರ ಮಂದೇದೂ ಅಲ್ವಲ್ರಿ."

ಇಪ್ಪತ್ತು ವರ್ಷ ಪಾಠ ಹೇಳಿದವಳು ನಾನು, ಅಂಥದ್ದೊಂದು ಉಪಾಯ ನನಗೆ ಹೊಳೆದಿರಲಿಲ್ಲ. ಆಮೇಲಿನ ಎರಡು ವಾರ ಮಿಲ್ಲಿನಿಂದ ಬಂದವಳೇ ನನ್ನ ಮನೆಗೆ ಬರುತ್ತಿದ್ದಳು. ನಾನು ಒಂದೊಂದೇ ವಸ್ತು ಎತ್ತಿ ಹಿಡಿಯುತ್ತಿದ್ದೆ. ನನಗೆ ಅದು ಎರ್ರಗಡ್ಡ, ಅವಳಿಗೆ ಈರುಳ್ಳಿ, ಆದರೆ ಇಬ್ಬರೂ ಸೇರಿ ಲೈಕುರ್ ಎನ್ನುತ್ತಿದ್ದೆವು. ನಗುತ್ತಲೂ ಇದ್ದೆವು. ಹಲ್ಲು ಹೋದ ಕಡೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಹದಿನಾಲ್ಕೂ ಅವಳಿಗೆ ಬಂದವು. ಒಂದೂ ತಪ್ಪುತ್ತಿರಲಿಲ್ಲ.

ಏಟು ನಿಲ್ಲುತ್ತದೆ ಎಂದುಕೊಂಡಿದ್ದೆ. ಎಂಥ ಪೆದ್ದಿ ನಾನು! ಮಾತು ತಪ್ಪದಿದ್ದಾಗ ಅವನು ತಂದದ್ದು ತಡವಾಯಿತೆಂದು ಹೊಡೆದ. ಬೇಗ ತಂದರೆ ಮುಖ ಗಂಟಿಕ್ಕಿದ್ದಾಳೆಂದು ಹೊಡೆದ. ಮನೆಯಲ್ಲಿಲ್ಲದ ವಸ್ತುವನ್ನೇ ಕೇಳಿ, ಇಲ್ಲ ಎಂದದ್ದಕ್ಕೆ ಹೊಡೆದ. ಕಾಗದ ಬಾರದ ಪ್ರತಿ ದಿನದ ಸಿಟ್ಟೂ ಅವಳ ಮೈಮೇಲೆ ಇಳಿಯುತ್ತಿತ್ತು. ಆಗಲೂ ಅವಳು ಕಲಿತದ್ದನ್ನು ಬಿಡಲಿಲ್ಲ. "ನಂಗೆ ಬರಲ್ಲ ಅನ್ನೋ ಮಾತು ಅವನ ಬಾಯಾಗೆ ಇನ್ ಬರಬಾರ್ದು," ಅಂದಳು.

ಆಷಾಢ ಬಂತು. ನಮ್ಮ ಕಡೆಯ ಆಷಾಢದ ಗಾಳಿ ಎಂದರೆ ಹಂಚು ಎಬ್ಬಿಸುವಂಥದ್ದು. ಆ ಗಾಳಿ ನೋಡಿ ಅವನಿಗೆ ಫೆರೋ ನೆನಪಾಯಿತು. ಅಲ್ಲಿ ಹಲಗೆಗಳ ನಡುವೆ ಸಂದು ಬಿಟ್ಟು ಗುಡಿಸಲು ಕಟ್ಟಿ, ಕುರಿಯ ತೊಡೆಯನ್ನು ಇಡಿಯಾಗಿ ತೂಗುಹಾಕುತ್ತಾರಂತೆ. ಉಪ್ಪಿಲ್ಲ, ಅರಿಸಿನವಿಲ್ಲ, ಬರೀ ಗಾಳಿ. ತಿಂಗಳುಗಟ್ಟಲೆ ಒಣಗಿದ ಮೇಲೆ ಬೇಯಿಸದೆ ತೆಳ್ಳಗೆ ಹೆರೆದು ತಿನ್ನುವುದು. ಶೆರ್ಪಿಚೋತ್ ಅಂತ ಅದರ ಹೆಸರು. ಹದಿನಾಲ್ಕರಲ್ಲಿ ಅದೂ ಒಂದು. ಅವನು ಹಣ್ಣಿನ ಪೆಟ್ಟಿಗೆಗಳ ಪಟ್ಟಿ ಕಿತ್ತು ಮಾಳಿಗೆಯ ಮೇಲೆ ಗೂಡು ಕಟ್ಟಿದ. ಟಗರು ತಂದ. ಮಾಳಿಗೆಯ ಮೇಲೆಯೇ ಕೊಯ್ದ. ರಕ್ತ ನೀರಿನ ಕೊಳವೆಯಿಂದ ನನ್ನ ಹಿತ್ತಲಿಗೆ ಇಳಿಯಿತು. ಹಿಂದಿನ ಎರಡೂ ತೊಡೆಗಳನ್ನು ಇಡಿಯಾಗಿ ತೂಗುಹಾಕಿದ.

ಅವಳು ಕೆಳಗೆ ನಿಂತು ಒಂದೇ ಮಾತು ಹೇಳಿದಳು. "ಉಪ್ಪುಖಂಡ ಮಾಡಾಣ. ನಮ್ಮವ್ವ ಮಾಡ್ತಿದ್ಲಲ್ಲ, ಸಣ್ಣಗೆ ಸೀಳಿ, ಉಪ್ಪು ಅರಿಸಿನ ಹಚ್ಚಿ, ದಾರಕ್ಕೆ ಪೋಣಿಸಿ. ಇಡೀ ತೊಡೆ ಈ ಸೆಕೇಲಿ ನಿಲ್ಲಲ್ಲ."

"ನಿಮ್ಮವ್ವ ಸಮುದ್ರ ನೋಡವ್ಳಾ?" ಎಂದ ಅವನು.

ಕುರಿಯವರ ಮನೆಯಲ್ಲಿ ಹುಟ್ಟಿದವನು, ಬಾಡಿನ ಜೊತೆಯಲ್ಲೇ ಬೆಳೆದವನು, ಚಳ್ಳಕೆರೆಯ ಗಾಳಿಗೂ ಹಿಮದ ಸಮುದ್ರದ ಗಾಳಿಗೂ ವ್ಯತ್ಯಾಸವಿಲ್ಲ ಎಂದು ನಂಬಿಬಿಟ್ಟ. ಅಲ್ಲಿಗೆ ಹೋಗಲಾರೆ ಎಂಬುದು ಒಳಗೊಳಗೇ ಗೊತ್ತಾಗಿ ಅದನ್ನೇ ಇಲ್ಲಿಗೆ ತರಲು ಹೊರಟಿದ್ದನೋ ಏನೋ.

ಅವನಿಲ್ಲದಾಗ ಅವಳು ಮಾಳಿಗೆ ಹತ್ತಿ ಒಂದು ತೊಡೆಗೆ ಉಪ್ಪು ತಿಕ್ಕಿದಳು. ಮೂಳೆಯ ಸಂದಿಗೂ ತುಂಬಿದಳು. "ಒಂದಾದ್ರೂ ಉಳೀಲಿ. ಬದುಕಿದ್ ಟಗರು ಅದು," ಎಂದು ನನಗೆ ಹೇಳಿದ್ದಳು. ನಾಲ್ಕನೆಯ ದಿನ ಅವನು ಹದ ನೋಡಲು ನೆಕ್ಕಿದ. ಉಪ್ಪು.

ಅದು ಹಾಡುಹಗಲು, ಭಾನುವಾರ. ಆ ವಾರ ನಾನು ಊರಿಗೆ ಹೋಗಿರಲಿಲ್ಲ. ಮೇಲಿನಿಂದ ಅವನು ಕೂಗಿದ್ದು ಇಡೀ ಓಣಿಗೆ ಕೇಳಿತು. ಅವಳು ಮಾಳಿಗೆ ಹತ್ತಿದಳು. ಆ ತೊಡೆಯನ್ನೇ ಕೊಕ್ಕೆಯಿಂದ ಬಿಚ್ಚಿ, ಮೂಳೆಯ ತುದಿ ಹಿಡಿದು, ಅದರಿಂದಲೇ ಅವಳನ್ನು ಹೊಡೆದ. ಬೆನ್ನಿಗೆ, ಭುಜಕ್ಕೆ, ತಲೆಗೆ. ಅವಳು ಮುಖಕ್ಕೆ ಕೈ ಅಡ್ಡ ಕೊಟ್ಟಳು, ಮುಂಗೈ ಮೂಳೆ ಮುರಿದ ಸದ್ದು ಕೆಳಗೆ ನಿಂತ ನನಗೆ ಕೇಳಿಸಿತು. ನಾನು ಕಿರುಚುತ್ತ ಮೆಟ್ಟಿಲು ಹತ್ತಿದೆ. ಕೈಯಲ್ಲಿ ಪೊರಕೆ ಇತ್ತು, ಅದರಿಂದಲೇ ಅವನ ಮುಖಕ್ಕೆ ಹೊಡೆದೆ. ಅವನು ನನ್ನನ್ನು ನೋಡಿ ಆಶ್ಚರ್ಯಪಟ್ಟ. ಆಮೇಲೆ ಆ ತೊಡೆಯನ್ನು ಬೀದಿಗೆ ಎಸೆದ. ನಾಯಿಗಳು ಅದಕ್ಕಾಗಿ ಒಂದರ ಗಂಟಲು ಒಂದು ಹಿಡಿದವು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು. ನನ್ನ ಮನೆಯಲ್ಲಿರು ಎಂದೆ. "ಗೋಡೆ ಆಕಡೀಗೂ ಈಕಡೀಗೂ ಏನ್ ದೂರ ಐತೆ ರಿ," ಎಂದು ತನ್ನ ಮನೆಗೇ ಹೋದಳು. ಆವತ್ತು ನನಗೆ ಅವಳ ಮೇಲೂ ಸಿಟ್ಟು ಬಂದಿತ್ತು.

ಉಳಿದದ್ದು ಉಪ್ಪಿಲ್ಲದ ತೊಡೆ. ವಾರದೊಳಗೆ ಓಣಿಯಲ್ಲಿ ಮೂಗು ಬಿಡುವಂತಿರಲಿಲ್ಲ. ಜನ ಜಗಳಕ್ಕೆ ಬಂದರು. ಅವನು ಕತ್ತಿ ತೋರಿಸಿದ. ಅಲ್ಲಿಯೂ ಹೀಗೇ ವಾಸನೆ ಬರುತ್ತದೆ, ನಿಮಗೇನು ಗೊತ್ತು ಎಂದ. ತೊಡೆಯ ಮೇಲೆ ಹಸಿರು ಕಟ್ಟಿದ್ದನ್ನು ಹೆರೆದು, ಒಳಗಿನದನ್ನು ತೆಳ್ಳಗೆ ಕೊಯ್ದು, ತಟ್ಟೆಯಲ್ಲಿಟ್ಟುಕೊಂಡು ಓಣಿಯವರಿಗೆ ಕಾಣುವಂತೆ ಬಾಗಿಲಲ್ಲಿ ಕೂತು ತಿಂದ. ಅವಳ ಮುಂದೂ ಹಿಡಿದ.

"ನೀನೇ ತಿನ್ನು," ಅಂದಳು ಅವಳು. "ನಾನು ಉಪ್ಪು ತಿನ್ನೋಳು."

ಮಾರನೆಯ ಸಂಜೆಯ ಹೊತ್ತಿಗೆ ಅವನು ಆಸ್ಪತ್ರೆಯಲ್ಲಿದ್ದ. ಆಟೋದಲ್ಲಿ ಒಯ್ಯುವಾಗ ಅವಳು ಒಂದೇ ಕೈಯಲ್ಲಿ ಅವನನ್ನು ಹಿಡಿದಿದ್ದಳು, ಇನ್ನೊಂದು ಬದಿಯಲ್ಲಿ ನಾನು. ವಾಂತಿ, ಭೇದಿ, ಮೈ ಕೆಂಡದಂಥ ಜ್ವರ. ಸಲೈನ್ ಹಾಕಿದರು. ಬೆಳಗಿನ ಜಾವಕ್ಕೆ ವಾಂತಿ ನಿಂತಿತು, ಜ್ವರ ನೆತ್ತಿಗೇರಿ ಬಡಬಡಿಸತೊಡಗಿದ. ಡಾಕ್ಟರು ನೋಡಿ, ಇನ್ನು ಕುಡಿಯಲು ಏನಾದರೂ ಕೇಳಿದರೆ ಗುಟುಕು ಗುಟುಕಾಗಿ ಕೊಡಿ ಎಂದು ಹೋದರು. ಅವನು ಕೇಳುತ್ತಲೇ ಇದ್ದ.

"ವಾತ್ನ್," ಎನ್ನುತ್ತಿದ್ದ. ತುಟಿ ಒಡೆದು ಬಿಳಿಚಿತ್ತು. "ವಾತ್ನ್. ವಾತ್ನ್."

ನರ್ಸಮ್ಮ ಬಗ್ಗಿ ಕೇಳಿಸಿಕೊಂಡರು. "ಏನಮ್ಮಾ ಕೇಳ್ತಾನೆ ನಿನ್ ಗಂಡ? ಇದ್ಯಾವ ಭಾಷೆ?"

ಅವಳು ಪ್ಲಾಸ್ಟರಿಲ್ಲದ ಕೈಯೆತ್ತಿ ಹೆಬ್ಬೆರಳಿನಿಂದ ಕಿವಿಹಾಲೆ ಒತ್ತಿಕೊಂಡಳು. ಗೋಡೆಯ ಮೇಲಿನ ಕೊನೆಯ ಕಿವಿ, ಗುರುತಿಲ್ಲದ್ದು, ನನ್ನ ಕಣ್ಣಿಗೂ ಕಟ್ಟಿತು.

"ಗೊತ್ತಿಲ್ರಿ," ಅಂದಳು. "ಹಡಗಿನಾಗೆ ಕಲ್ತಿದ್ದು."

ನರ್ಸಮ್ಮ ನನ್ನ ಕಡೆ ತಿರುಗಿದರು. "ನೀವು ಓದಿದೋರು. ನಿಮಗೇನಾದ್ರೂ ತಿಳೀತದಾ?"

ಅವಳು ನನ್ನನ್ನು ನೋಡಲಿಲ್ಲ. ನೋಡಿದ್ದರೆ ಏನು ಹೇಳುತ್ತಿದ್ದೆನೋ. ನೋಡದಿದ್ದದ್ದರಿಂದಲೇ, "ಗೊತ್ತಿಲ್ಲ," ಅಂದೆ. ಸಲೈನ್ ಇಳಿಯುತ್ತಿದೆಯಲ್ಲ, ಸಾಯುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ನರ್ಸಮ್ಮ ಹೋದ ಮೇಲೆ ಅವಳು ಎದ್ದು ಸ್ಟೀಲ್ ಲೋಟದಲ್ಲಿ ನೀರು ತಂದಳು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಲೋಟವನ್ನು ತೊಡೆಯ ಮೇಲಿಟ್ಟುಕೊಂಡಳು. ಅವನು ವಾತ್ನ್ ಎಂದಾಗೊಮ್ಮೆ ಅವಳು ನೀರು ನೋಡುತ್ತಿದ್ದಳು. ಕೊಡಲಿಲ್ಲ. ಕಿಟಕಿಯ ಬಿಸಿಲು ಮಂಚದ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬರುವಷ್ಟು ಹೊತ್ತು ಹಾಗೇ ಕೂತಿದ್ದಳು. ಹೊಡೆತವನ್ನು ನೋಡಿದ್ದೇನೆ, ರಕ್ತ ನೋಡಿದ್ದೇನೆ, ಆ ಲೋಟದಷ್ಟು ಯಾವುದೂ ನನ್ನನ್ನು ಹೆದರಿಸಿರಲಿಲ್ಲ.

ಕೊನೆಗೆ ಅವನ ಮುಖದ ಹತ್ತಿರ ಬಗ್ಗಿದಳು.

"ನನ್ ಮಾತಿನಾಗೆ ಕೇಳು."

ಅವನು ಕಣ್ಣು ಬಿಟ್ಟ. ಜ್ವರದ ಕಣ್ಣೇ, ಆದರೂ ಅವಳನ್ನು ನೋಡಿದ, ಲೋಟ ನೋಡಿದ, ಮತ್ತೆ ಅವಳನ್ನು ನೋಡಿದ. ತಾನೇ ಹೊಡೆದು ಹೊಡೆದು ಕಲಿಸಿದ ಮಾತು ಇವಳಿಗೆ ಗೊತ್ತಿದೆ ಎಂದು ಅವನಿಗೆ ತಿಳಿಯಿತು. ಬಾಯಿ ತೆರೆದ. ಮಾತು ಹೊರಡಲಿಲ್ಲ. ಕಣ್ಣಿನಿಂದ ನೀರು ಇಳಿಯಿತು. ಅವಳು ಲೋಟವನ್ನು ಅವನ ತುಟಿಗೆ ಹಿಡಿದಳು. ಕರುಣೆಯಿಂದ ಎಂದು ನಾನು ಹೇಳಲಾರೆ. ಗುಟುಕು ಗುಟುಕಾಗಿ ಕುಡಿಸಿದಳು.

ಒಂಬತ್ತನೆಯ ದಿನ ಅವನನ್ನು ಮನೆಗೆ ಕರೆತಂದಳು. ಆಮೇಲೆಯೂ ಅವಳು ಅವನ ಜೊತೆ ಎಷ್ಟೋ ವರ್ಷ ಬಾಳಿದಳು, ಅವನನ್ನು ಮಣ್ಣು ಮಾಡಿದ ಮೇಲೂ ಅದೇ ಮನೆಯಲ್ಲಿದ್ದಳು. ಅವನು ಮತ್ತೆ ಕೈಯೆತ್ತಲೇ ಇಲ್ಲ ಎಂದು ಬರೆದರೆ ನಾನು ಮತ್ತೊಂದು ಸುಳ್ಳು ಹೇಳಿದಂತಾಗುತ್ತದೆ. ಎತ್ತಿದ, ಆದರೆ ಎತ್ತಿದ ಕೈ ನಡುವೆಯೇ ನಿಲ್ಲುತ್ತಿತ್ತು. ಆ ಪಾಠವಂತೂ ಮತ್ತೆ ನಡೆಯಲಿಲ್ಲ.

ಅವನು ಮನೆಗೆ ಬಂದ ಆ ಸಂಜೆ ಊಟದ ಹೊತ್ತಿಗೆ ನಾನು ರೇಡಿಯೋ ಹಾಕಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಆಚೆ ತಟ್ಟೆ ಇಟ್ಟ ಸದ್ದಾಯಿತು. ಅವಳ ಹೆಜ್ಜೆ ಹೋಗಿ ಒರಳಿನ ಹತ್ತಿರ ನಿಂತಿತು. ಅವನಿಗೆ ಬಿಕ್ಕಳಿಕೆ ಬಂತು.

"ವಾ..." ಎಂದ. ಅಲ್ಲಿಗೇ ನಿಲ್ಲಿಸಿದ.

ನಾನು ಆ ಮೂರು ಸದ್ದುಗಳಲ್ಲಿ ಯಾವುದು ಬರುತ್ತದೋ ಎಂದು ಕಾದೆ.

"ನೀರು," ಎಂದ ಅವನು. ಆಮೇಲೆ ಇನ್ನೂ ಮೆಲ್ಲಗೆ, "ಒಸಿ ನೀರು ಕೊಡ್ತೀಯಾ?"

ಗಡಿಗೆಯ ಮುಚ್ಚಳ ತೆಗೆದ ಸದ್ದು ಕೇಳಿತು. ಲೋಟ ಮುಳುಗಿದ ಸದ್ದು ಕೇಳಿತು.

"ತಗೋ," ಅಂದಳು.